ಅಂಗೈಯ ಓರೆಗಾನೊ

ದೋನ್ಯಾ ರೆಫುಹಿಯೊ ಒಣಗಿದ ಓರೆಗಾನೊ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದಾಗ ಹಲಾಪ ಊರಿನ ಸಂತೆಯಲ್ಲಿ ಅಂಗಡಿಗಳ ಸಾಲಿಗೆ ಸಾಲೇ ಮಾತು ನಿಲ್ಲಿಸಿತು. ಮೆಣಸಿನಕಾಯಿಯ ಉಪ್ಪಿನಕಾಯಿಗೆ ಅವಳು ಆರಿಸಿದ ಎಲೆಯನ್ನೇ ಊರಿನ ಹೆಂಗಸರೆಲ್ಲ ಕೊಳ್ಳುತ್ತಿದ್ದರು. "ಚೆನ್ನಾಗಿದೆ, ಕಟ್ಟು," ಎಂದಳು ಅಂಗಡಿಯವನಿಗೆ.

ಪಕ್ಕದಲ್ಲಿದ್ದ ಮಗಳು ಅಂಪಾರೊ ಒಂದು ಚಿಟಿಕೆ ತೆಗೆದು ಮೂಸಿದಳು. ಹಳೇ ಹುಲ್ಲಿನ ವಾಸನೆ. ಈಚೆಗೆ ಬಂದ ಜ್ವರ ಬಿಟ್ಟ ಮೇಲೆ ಅಮ್ಮ, ಹಾಲು ಸೀದ ವಾಸನೆಯೂ ಗೊತ್ತಾಗದೆ ಒಲೆಯ ಪಕ್ಕದಲ್ಲೇ ಕೂತಿದ್ದದ್ದು ಅವಳಿಗೆ ನೆನಪಾಯಿತು. ಆದರೂ ಬಾಯಿ ತಡೆಯಲಿಲ್ಲ. "ಇದು ಹೋದ ವರ್ಷದ್ದು ಕಣಯ್ಯ, ದನಕ್ಕೆ ಹಾಕು ಹೋಗು!"

ಅಂಗಡಿಯ ಎಲಾದಿಯೊ ನಕ್ಕ. "ಅಮ್ಮನಿಗಿಂತ ನೀನೇ ದೊಡ್ಡವಳಾದ್ಯೇನೆ?"

ರೆಫುಹಿಯೊ ಸೊಂಟಕ್ಕೆ ಕೈಕೊಟ್ಟು ನಿಂತಳು. "ಏನೋ ಹಲ್ಲು ಕಿರೀತೀಯಾ? ಇವಳು ಕಂಡುಹಿಡೀತಾಳೋ ಇಲ್ವೋ ನೋಡೋಣ ಅಂತ ನಾನೇ ಸುಮ್ನಿದ್ದೆ. ಒಳಗಿನ ಚೀಲ ತೆಗಿ!"

ಹೊಸ ಚೀಲದಿಂದ ಒಂದು ಹಿಡಿ ತೆಗೆದು ತಿಕ್ಕಿದಳು. ಸಾಲಿನವರೆಲ್ಲ ನೋಡುತ್ತಿರುವಂತೆಯೇ, ಕತ್ತು ನೆಟ್ಟಗೆ ಮಾಡಿಕೊಂಡು, ಆ ಅಂಗೈಯನ್ನು ಮಗಳ ಮೂಗಿನ ಮುಂದೆ ಹಿಡಿದಳು.

"ಇನ್ಮೇಲೆ ನೀನೇ ಹೇಳೇ."