ಉಪವಾಸದ ಮೀನು

ಲಾರಿ ಡ್ರೈವರ್ ಬಲೆಯಿಂದ ಒಂದು ಮೀನನ್ನೆತ್ತಿ ಅದರ ಹೊಟ್ಟೆ ಒತ್ತಿದ. ಬೆರಳಿಗೆ ಹಸಿರು ಲೋಳೆ ಮೆತ್ತಿಕೊಂಡಿತು. ಅದನ್ನು ಮ್ಯಾನೇಜರ ಮೂಗಿನ ಹತ್ತಿರವೇ ಹಿಡಿದ.

"ತಿಂದಿವೆ ಸಾರ್. ಹೊಟ್ಟೆ ತುಂಬಿರೋ ಮೀನನ್ನ ನನ್ನ ಟ್ಯಾಂಕಿಗೆ ಹಾಕ್ಬೇಡಿ. ಅರ್ಧ ದಾರೀಲಿ ನೀರು ಗಬ್ಬೆದ್ದು ಎಲ್ಲಾ ಸತ್ತು ತೇಲ್ತವೆ. ಆಮೇಲೆ ಬೈಸ್ಕೊಳ್ಳೋನು ನಾನು."

ಮ್ಯಾನೇಜರ್ ತಿರುಗಿ ನೋಡಿದ್ದು ಮರಿ ಮ್ಯಾನೇಜರನ್ನು. ಮೀನು, ಸಿಗಡಿ ಸಾಕಣೆಯ ಮೇಲ್ವಿಚಾರಣೆ ಕಲಿಯಲು ಬಂದ ಹುಡುಗಿಗೆ ಆಳುಗಳು ಇಟ್ಟ ಹೆಸರು ಅದು. ಅವಳ ತರಬೇತಿ ಈ ವಾರಕ್ಕೆ ಮುಗಿಯುತ್ತದೆ. ಮ್ಯಾನೇಜರ್ "ಆಗಬಹುದು" ಎಂದರೆ ಕೆಲಸ, ಇಲ್ಲದಿದ್ದರೆ ಮನೆ. ಹಿಡಿಯುವ ಮೀನಿಗೆ ಹಿಂದಿನ ದಿನವೇ ಮೇವು ನಿಲ್ಲಿಸಬೇಕು ಎಂಬುದು ಇಲ್ಲಿನ ಮೊದಲ ಪಾಠ. ಅದನ್ನು ನೋಡಿಕೊಳ್ಳುವ ಹೊಣೆಯೂ ಅವಳದೇ.

"ಯಾರಮ್ಮಾ ಮೇವು ಹಾಕಿದ್ದು?"

"ಯಜಮಾನ್ರು ಸಾರ್. ನಿನ್ನೆ ಸಂಜೆ ಬೀಗರನ್ನ ಕರ್ಕೊಂಡು ಬಂದಿದ್ರು. ಮೀನು ಎಗರೋದನ್ನ ತೋರಿಸ್ತೀನಿ ಅಂತ ಬೊಗಸೆ ಬೊಗಸೆ ಎರಚಿದ್ರು."

"ನೀನೇನು ಚಪ್ಪಾಳೆ ತಟ್ತಿದ್ಯಾ?"

"ಬೀಗರ ಮುಂದೆ ಹೇಗೆ ಸಾರ್ ಬೇಡ ಅನ್ನೋದು..."

ಮ್ಯಾನೇಜರ್ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಕರ್ಮವೇ! ವರ್ಷವಿಡೀ ಹೇಳ್ಕೊಟ್ಟಿದ್ದು ಹೊಳೇಲಿ ಹುಣಿಸೆಹಣ್ಣು ತೊಳೆದ ಹಾಗಾಯ್ತಲ್ಲ! ನೀರು ಪರೀಕ್ಷೆ ಮಾಡೋಕೆ ಮೀಟರ್ ಇದೆ, ಬಲೆ ಎಳೆಯೋಕೆ ಆಳುಗಳಿದಾರೆ. ಮ್ಯಾನೇಜರ್ ಅಂತ ಒಬ್ರು ಯಾಕೆ ಬೇಕು ಹೇಳು? ಬೇಡ ಅನ್ನೋಕೆ! ಯಜಮಾನ್ರಲ್ಲ, ಅವರಪ್ಪನೇ ಬಂದ್ರೂ ಕೈ ಹಿಡಿದು ನಿಲ್ಲಿಸ್ಬೇಕು. ಅದೂ ಬರದವಳನ್ನ ಆಗಬಹುದು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂಬುದೇ ಹೆಚ್ಚು ಉರಿಸಿತು.

ಪುಣ್ಯಕ್ಕೆ, ಮಧ್ಯಾಹ್ನದ ಲಾರಿಗೆಂದು ಪಕ್ಕದ ಹೊಂಡದ ಮೀನುಗಳನ್ನೂ ಉಪವಾಸ ಕೆಡವಲಾಗಿತ್ತು. ಅವನ್ನೇ ಈಗ ತುಂಬುವುದೆಂದು ತೀರ್ಮಾನವಾಯಿತು. ಡ್ರೈವರ್ ಗೊಣಗುತ್ತಲೇ ಒಪ್ಪಿದ. ಆಳುಗಳು ಬಲೆಯನ್ನು ಹೆಗಲಿಗೇರಿಸಿಕೊಂಡು ಅತ್ತ ನಡೆದರು.

ಅಷ್ಟರಲ್ಲಿ ಯಜಮಾನರ ಕಾರು ಬಂತು. ನಿನ್ನೆ ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದ ಬೀಗಿತ್ತಿ ಇವತ್ತು ಜೊತೆಗಿದ್ದರು. ಇನ್ನೇನು ಬೇಕು?

"ಬನ್ನಿ ಬನ್ನಿ, ನೀವು ನೋಡ್ಲೇ ಇಲ್ವಲ್ಲ! ಹೇಗೆ ಎಗರ್ತವೆ ನೋಡಿ!" ಎನ್ನುತ್ತಾ ಯಜಮಾನರು ನೆಟ್ಟಗೆ ಆ ಪಕ್ಕದ ಹೊಂಡಕ್ಕೇ ನಡೆದರು. ದಂಡೆಯ ಮೇಲೆ ಮೇವಿನ ಡ್ರಮ್ಮಿತ್ತು.

ಅವಳು ಮ್ಯಾನೇಜರ್ ಮುಖ ನೋಡಿದಳು. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಬಲೆ ಹೊತ್ತ ಆಳುಗಳು ನಿಂತಲ್ಲೇ ನಿಂತರು. ಒಬ್ಬನಾದರೂ ಬಾಯಿ ಬಿಡಬಾರದೇ!

ಯಜಮಾನರು ಮುಚ್ಚಳ ತೆಗೆದರು. ಅವರ ಕೈ ಒಳಗೆ ಹೋಗುವ ಮೊದಲೇ ಅವಳು ಓಡಿಹೋಗಿ, ಮುಚ್ಚಳ ಕಸಿದು ಡ್ರಮ್ಮಿಗೆ ಹಾಕಿ, ಅದರ ಮೇಲೆ ಕೂತೇಬಿಟ್ಟಳು.

"ಬೇಡ ಸಾರ್. ಇವು ಈಗ ಲಾರಿ ಹತ್ತೋ ಮೀನು. ತಿಂದ್ರೆ ದಾರೀಲೇ ಸಾಯ್ತವೆ."

ಡ್ರಮ್ಮಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಏಳಲಿಲ್ಲ. ಬೀಗಿತ್ತಿ ಮುಖ ಆಚೆ ತಿರುಗಿಸಿ ನಗು ತಡೆದುಕೊಂಡರು. ಯಜಮಾನರ ಕಿವಿ ಕೆಂಪಾಯಿತು. ಅವರು ಅವಳನ್ನು ಬಿಟ್ಟು ಮ್ಯಾನೇಜರ್ ಕಡೆ ತಿರುಗಿದರು.

"ಏನ್ರೀ ಇದು? ಯಾರ್ರೀ ಇವಳು?"

ಮ್ಯಾನೇಜರ್ ಕನ್ನಡಕ ಏರಿಸಿಕೊಂಡು ಓಡೋಡಿ ಬಂದರು.

"ತಪ್ಪು ತಿಳ್ಕೋಬೇಡಿ ಸಾರ್. ತರಬೇತಿಗೆ ಬಂದಿರೋ ಹುಡುಗಿ. ಇನ್ನೂ ಏನೂ ಕಲಿತಿಲ್ಲ."