ಏನ್ ಬೇಕಾದ್ರೂ ಕೇಳ್ರಿ

“ಏನ್ ಬೇಕಾದ್ರೂ ಕೇಳ್ರಿ ವೇಣಿಯವರ, ನಮ್ಮ ಚರ್ಚಿನವರು ಇಲ್ಲ ಅನ್ನಂಗಿಲ್ಲ.” ಲೇಕ್ ಗಾರ್ಡನ್ಸಿನ ಈ ಮನೆಗೆ ಕೃಷ್ಣವೇಣಿ ಸಾಮಾನು ಇಳಿಸಿದ ದಿನ, ಎದುರು ಮನೆಯ ಲೀಲಾ ಕೊಟ್ಟ ಮಾತು ಅದು. ಆಗ ಮಗಳು ಮೈತ್ರಿ ಇನ್ನೂ ಫ್ರಾಕು ಹಾಕುತ್ತಿದ್ದಳು. ಈಗ ಸಾಲ್ಟ್ ಲೇಕಿನ ಕಾಲ್ ಸೆಂಟರಿನಲ್ಲಿ ರಾತ್ರಿಯಿಡೀ ಅಮೆರಿಕದವರ ಕ್ರೆಡಿಟ್ ಕಾರ್ಡಿನ ಗೋಳು ಕೇಳಿ, ಬೆಳಕು ಹರಿದ ಮೇಲೆ ಕಂಪನಿಯ ಸುಮೋದಿಂದ ಇಳಿಯುತ್ತಾಳೆ. ಇಷ್ಟು ವರ್ಷದಲ್ಲಿ ಕೃಷ್ಣವೇಣಿ ಏನೂ ಕೇಳಿರಲಿಲ್ಲ. ಕೇಳದಿದ್ದರೂ ಈ ಡಿಸೆಂಬರಿನಲ್ಲಿ ಚರ್ಚಿನವರು ಕೊಡುತ್ತಲೇ ಇದ್ದರು.

ಬೀದಿಯ ಪ್ರತಿ ಮನೆಗೂ ಏನಾದರೊಂದು ಉಪಕಾರ ಮಾಡಿ ಎಂದು ಪಾಸ್ಟರ್ ಹೇಳಿದ್ದರಂತೆ. ಒಂದು ದಿನ ಕೇಕು ಬಂತು. ಇನ್ನೊಂದು ದಿನ ಚೆಂಡುಹೂವಿನ ಕುಂಡ. ನಿನ್ನೆ ಇಬ್ಬರು ಹೆಂಗಸರು ಬಂದು ಮೆಟ್ಟಿಲು ಗುಡಿಸಿದರು. ಗುಡಿಸಿದ್ದೇವೆ ಎಂದು ಹೇಳುವುದಕ್ಕೆ ಬೆಲ್ ಒತ್ತಿದರು.

ಇವತ್ತು ಹತ್ತು ಗಂಟೆಗೆ, ಹಕ್ಕಿಯ ಹಾಗೆ ಕಿರುಚುವ ಆ ಹಾಳು ಡೋರ್‌ಬೆಲ್ ಮತ್ತೆ ಕೂಗಿತು. ಬಾಗಿಲಲ್ಲಿ ಲೀಲಾ. ಕೈಯಲ್ಲಿ ಮರೂನ್ ಬಣ್ಣದ ಉಣ್ಣೆಯ ಮಂಕಿ ಕ್ಯಾಪ್.

“ನಿಮ್ಮ ಮನಿಯವರಿಗ್ರೀ. ಮಾಲ್ದಾದಾಗ ರೈಲ್ವೆ ಡ್ಯೂಟಿ, ಥಂಡಿ ಭಾಳ ಅಂತಿದ್ರಲ್ಲ. ನಾನೇ ಹೆಣದೇನಿ.”

“ಅಮ್ಮಾ! ಅಗೇನ್?” ಒಳಗಿನಿಂದ ಮೈತ್ರಿಯ ದನಿ, ಅಳುವೋ ಸಿಟ್ಟೋ ಗೊತ್ತಾಗದ ಹಾಗೆ. “ಇವರಿಗೆ ಬೇರೆ ಕೆಲಸಾನೇ ಇಲ್ವಾ?”

ಲೀಲಾ ಪೆಚ್ಚಾಗಿ ನಕ್ಕಳು. “ಕೂಸು ಎದ್ದಾಳೇನ್ರಿ?”

“ಎದ್ದಿಲ್ಲ. ನೀವು ಎಬ್ಬಿಸಿದಿರಿ.” ಕೃಷ್ಣವೇಣಿಗೆ ತಡೆಯಲಾಗಲಿಲ್ಲ. “ನಮ್ಮನೇಲಿ ಯಾರಿಗೂ ಚಳಿ ಇಲ್ಲ ಲೀಲಾ. ನಿದ್ದೆ ಇಲ್ಲ. ಏಳಕ್ಕೆ ನಿಮ್ಮ ಚರ್ಚಿನ ಗಂಟೆ, ಹತ್ತಕ್ಕೆ ನಿಮ್ಮ ಉಪಕಾರ. ಮೊನ್ನೆ ಇವಳು ಫೋನಲ್ಲಿ ಮಾತಾಡ್ತಾ ಮಾತಾಡ್ತಾನೇ ನಿದ್ದೆಹೋಗಿದಾಳೆ. ಆ ಕಡೆಯ ಅಮೆರಿಕದವನು ಗೊರಕೆ ಕೇಳಿಸ್ಕೊಂಡು ಕಂಪ್ಲೇಂಟ್ ಕೊಟ್ಟಿದಾನೆ. ಇನ್ನೊಂದ್ಸಲ ಹೀಗಾದ್ರೆ ಬರಲೇಬೇಡ ಅಂದಿದಾರೆ ಆಫೀಸಲ್ಲಿ.”

“ಅಯ್ಯ ನನ್ನವ್ವ! ಒಂದ್ ಮಾತು ಹೇಳಬಾರದಿತ್ತೇನ್ರಿ? ಏನ್ ಬೇಕು ಕೇಳ್ರಿ. ಈಗರ ಕೇಳ್ರಿ.”

“ಗಂಟೆ ಬಾರಿಸಬೇಡಿ.”

ಲೀಲಾಳ ಮುಖ ಇಳಿಯಿತು. ಆ ಗಂಟೆಯ ಹಗ್ಗ ಎಳೆಯುವವನು ಅವಳ ಗಂಡ ಹೊನ್ನಪ್ಪ. ಧಾರವಾಡದಿಂದ ವರ್ಗವಾಗಿ ಬಂದ ವಾರವೇ ಪಾಸ್ಟರನ್ನು ಕಾಡಿ ಬೇಡಿ ಪಡೆದ ಸೇವೆ. ಜ್ವರ ಬಂದರೂ ಇನ್ನೊಬ್ಬರ ಕೈಗೆ ಹಗ್ಗ ಕೊಟ್ಟವನಲ್ಲ.

“ಅದೊಂದು ಬಿಟ್ಟು ಬ್ಯಾರೆ ಏನರ...”

“ಗೊತ್ತಿತ್ತು ಬಿಡಿ. ನಿಮ್ಮ ಹತ್ರ ಇರೋದನ್ನ ಕೊಡ್ತೀರಿ. ನಮಗೆ ಬೇಕಾದ್ದನ್ನಲ್ಲ.”

ಟೋಪಿಯನ್ನು ಲೀಲಾಳ ಕೈಗೇ ತುರುಕಿ ಬಾಗಿಲು ಹಾಕಿಕೊಂಡಳು. ಹಾಕಿದ ಮೇಲೆ ಮಾತು ಹೆಚ್ಚಾಯಿತೇನೋ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೂ ರೇಗಿತು.

ಮರುದಿನ ಬೆಳಿಗ್ಗೆ ಮೈತ್ರಿ ಶೂ ಕೂಡ ಬಿಚ್ಚದೆ ಮಂಚಕ್ಕೆ ಬಿದ್ದಳು. ಏಳಾಗುತ್ತ ಬಂದಿತ್ತು. ಕೃಷ್ಣವೇಣಿ ಪಕ್ಕದ ಚರ್ಚಿನ ಕಡೆಯ ಕಿಟಕಿ ಮುಚ್ಚಲು ಹೋದಳು. ಕೆಳಗೆ ಪ್ರಾರ್ಥನೆಗೆ ಬಂದವರು, ಕಿರುಗುಟ್ಟುವ ಗೇಟನ್ನು ತುಸು ಎತ್ತಿ ಹಿಡಿದು, ಕಳ್ಳರ ಹಾಗೆ ಒಬ್ಬೊಬ್ಬರೇ ಒಳಗೆ ಹೋಗುತ್ತಿದ್ದರು. ಹೊನ್ನಪ್ಪ ಮಾತ್ರ ಎಂದಿನಂತೆ ಬಂದು ಹಗ್ಗ ಹಿಡಿದ.

‘ಇಷ್ಟೇ ಇವರ ಮಾತು’ ಎಂದು ಅವಳು ಮಗಳ ಕಿವಿಗೆ ಒತ್ತಲು ದಿಂಬು ಎತ್ತಿಕೊಂಡಳು.

ಹೊನ್ನಪ್ಪ ಕಣ್ಣು ಮುಚ್ಚಿ, ಮೈಯೆಲ್ಲ ಬಗ್ಗಿಸಿ ಎಳೆದ. ಕಿಟಕಿಯ ಎತ್ತರಕ್ಕೇ ತೂಗುವ ಗಂಟೆ ವಾಲಿತು. ದಬ್. ಹಾಸಿಗೆಯ ಮೇಲೆ ಬಟ್ಟೆಗಂಟು ಬಿದ್ದಷ್ಟೇ ಸದ್ದು. ಮತ್ತೆ ಎಳೆದ. ದಬ್. ಗಂಟೆಯ ನಾಲಿಗೆಗೆ ಮರೂನ್ ಮಂಕಿ ಕ್ಯಾಪ್ ತೊಡಿಸಿ, ಜಾರದಂತೆ ದಾರದಿಂದ ಬಿಗಿದಿದ್ದರು.

ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಲೀಲಾ ನಿಂತಿದ್ದಳು, ಎರಡೂ ಕೈ ಬೆನ್ನ ಹಿಂದೆ.

“ಬೆಲ್ ಒತ್ತಿಲ್ರೀ,” ಎಂದು ಪಿಸುಗುಟ್ಟಿದಳು. “ಹಾಲಿಗೆ ಹೆಂಗೂ ಬಾಗಿಲಾ ತಗೀತೀರಿ ಅಂತ ನಿಂತೇನಿ. ಕೂಸು ಮಲಗ್ಯಾಳೇನು?”

“ಹೂಂ.”

“ನಮ್ಮ ಮನಿಯವರು ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಅವರೇ ನಿಚ್ಚಣಿಕಿ ಹತ್ತಿ ಕಟ್ಟಿದ್ರು.” ಒಂದು ಮೆಟ್ಟಿಲು ಇಳಿದು ತಿರುಗಿ, “ನಿಮ್ಮವರಿಗೆ ಇನ್ನೊಂದು ಹೆಣೀತೀನಿ ಬಿಡ್ರಿ.”

“ಬೇಡ ಅಂದ್ನಲ್ಲ!” ಎಂದು ಕೃಷ್ಣವೇಣಿ ಗದರಿದಳು, ಅವಳೂ ಪಿಸುಗುಟ್ಟಿಯೇ.

ಏನ್ ಬೇಕಾದ್ರೂ ಕೇಳ್ರಿ ಎಂದ ಮಾತನ್ನು ಲೀಲಾ ಉಳಿಸಿಕೊಂಡಳು. ಗಂಟೆಯ ಟೋಪಿ ಬಿಚ್ಚಿದ್ದು ಕ್ರಿಸ್ಮಸ್ ದಿನ. ಅದೂ ಮೈತ್ರಿಗೆ ಅಂದು ರಜೆಯೇ ಎಂದು ಮೆಟ್ಟಿಲ ಮೇಲೆ ಮೆಲ್ಲಗೆ ಕೇಳಿಕೊಂಡ ಮೇಲೆ.