ಕಿಲಾರಿಯ ಕಾಲು

ಮರುಳಪ್ಪ ಮೇಷ್ಟ್ರ ಅಕ್ಕನ ಮಕ್ಕಳು ದಿಕ್ಕು ತಪ್ಪಿ ಒದ್ದ ಚೆಂಡು ಕಾವಲಿನ ಹುಲ್ಲಲ್ಲಿ ಉರುಳುತ್ತಾ ಹೋಗಿ, ಹಟ್ಟಿಯವರು ದೇವರಿಗೆ ಬಿಟ್ಟ ಎತ್ತುಗಳ ಮಂದೆಯೊಳಗೆ ನುಗ್ಗಿತು. ಎತ್ತುಗಳು ಬೆದರಿಯಾವೆಂದು ಮೇಷ್ಟ್ರು ಕೂಗುವಷ್ಟರಲ್ಲಿ, ಅವನ್ನು ಕಾಯುವ ಕಿಲಾರಿ ಹುಡುಗ ಓಡಿಬಂದು, ಓಟ ನಿಲ್ಲಿಸದೆಯೇ ಬರಿಗಾಲಲ್ಲಿ ಅದಕ್ಕೊಂದು ಒದೆ ಕೊಟ್ಟ. ಚೆಂಡು ಮೇಷ್ಟ್ರ ತಲೆಯ ಮೇಲೆ ಹಾದು, ಹಿಂದೆ ಬಿಟ್ಟಿದ್ದ ಗಾಡಿಯನ್ನೂ ದಾಟಿ ಬಿತ್ತು.

ಮೇಷ್ಟ್ರು ತಳಕಿಗೆ ಬಂದದ್ದು ಅಕ್ಕನ ಮನೆಯಲ್ಲಿ ರಜೆ ಕಳೆಯಲು. ದುರ್ಗದ ಶಾಲೆಯೊಂದರಲ್ಲಿ ಡ್ರಿಲ್ ಹೇಳಿಕೊಡುವ ಅವರಿಗೆ ಫುಟ್‌ಬಾಲ್ ಹುಚ್ಚು ಹಿಡಿದದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ, ಗೋರಾ ಸಿಪಾಯಿಗಳ ಆಟವನ್ನು ಬೇಲಿಯಾಚೆ ನಿಂತು ನೋಡಿ. ಆ ಬೇಲಿಯೊಳಗೆ ಕಾಲಿಡುವ ಯೋಗ ಅವರಿಗೆ ಬರಲಿಲ್ಲ. ತಾನು ತಯಾರು ಮಾಡಿದ ಒಬ್ಬನೇ ಒಬ್ಬ ಹುಡುಗನಾದರೂ ಒಳಗೆ ಹೋಗಿ ಆಡಲಿ, ಆ ದೊರೆಗಳು ಬಾಯಿ ಬಿಟ್ಟುಕೊಂಡು ನೋಡಲಿ ಎಂಬ ಆಸೆ ಮಾತ್ರ, ತಲೆ ನೆರೆತರೂ ನೆರೆಯಲಿಲ್ಲ. ದುರ್ಗದಲ್ಲಿ ಅವರ ಕೈಗೆ ಸಿಕ್ಕವರೋ, ಚೆಂಡು ಬಂದಾಗ ಮೊದಲು ಪಂಚೆ ಎತ್ತಿಕಟ್ಟಿ ಆಮೇಲೆ ಒದೆಯುವ ವಕೀಲರ ಮಕ್ಕಳು.

"ಏನಪ್ಪಾ ನಿನ್ನ ಹೆಸರು?"

"ಬೋರಯ್ಯ, ಬುದ್ಧಿ."

"ಇನ್ನೊಂದ್ಸಲ ಒದೀತೀಯಾ?"

"ದಿನಾ ಬೇಕಾರೂ ಒದೀತೀನಿ," ಎಂದು ಹುಡುಗ ನಕ್ಕ.

ದಿನಾ ಒದ್ದ ಕೂಡ. ತಪ್ಪಿಸಿಕೊಂಡ ಕರುವನ್ನು ಅಡ್ಡಹಾಕಿ ತಿರುಗಿಸುವ ಹಾಗೆ ಚೆಂಡನ್ನು ತಿರುಗಿಸುವುದು ಕಲಿತ. ಮೇಷ್ಟ್ರಿಗೆ ಅನ್ನ ಸೇರದಾಯಿತು. ಕೊನೆಗೆ ಹಟ್ಟಿಗೇ ಹೋಗಿ ಹುಡುಗನ ಅಪ್ಪ ಓಬಯ್ಯನನ್ನು ಕೇಳಿದರು. ಕಿಲಾರಿಗೆ ಕಟ್ಟಳೆಗಳು ನೂರೆಂಟು, ಬಿಟ್ಟುಕೊಡಲಾರ ಎಂದೇ ಅಂದುಕೊಂಡಿದ್ದರು. ಓಬಯ್ಯ ಮಗನ ಮುಖ ನೋಡಿದ.

"ಎತ್ತು ಕಾಯಾಕೆ ಇವನ ತಮ್ಮ ಅವ್ನೆ. ಇವ್ನು ನಿಮ್ ಜೊತೆ ಬರ್ಲಿ ಬುದ್ಧಿ. ಈಗೀಗ ಉಂಬಾಗ್ಲೂ ಚೆಂಡಿನ ಮಾತೇ ಆಡ್ತಾನೆ."

ಹೊರಡುವ ಹಿಂದಿನ ಸಂಜೆ ಚೆಂಡಿಗೆ ಜಾಲಿಮುಳ್ಳು ಚುಚ್ಚಿ ಗಾಳಿ ಹೋಯಿತು. ಮೇಷ್ಟ್ರು ಕಲ್ಲಿನ ಮೇಲೆ ಕೂತು, ಬಾಯಿ ಕಟ್ಟಿದ್ದ ದಾರ ಬಿಚ್ಚಿ, ಒಳಗಿನ ರಬ್ಬರ್ ಚೀಲವನ್ನು ಹೊರಗೆಳೆದರು. ಬಟ್ಟೆ ಸುತ್ತಿ ಅರಗು ಬಳಿದ ಚೆಂಡು ಅಂತಲೇ ಇಷ್ಟು ದಿನ ತಿಳಿದಿದ್ದ ಬೋರಯ್ಯ ಖಾಲಿ ಹೊದಿಕೆಯನ್ನು ಕೈಗೆತ್ತಿಕೊಂಡ. ಅದರ ಒಳಮೈ ಸವರಿದ. ಮತ್ತೊಮ್ಮೆ ಸವರಿದ.

"ಇದು ಯಾತರದ್ದು ಬುದ್ಧಿ?"

ಕುರಿಯದು ಎಂದುಬಿಟ್ಟರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ತನ್ನನ್ನು ಪೂರ್ತಿ ನಂಬಿ ನೋಡುತ್ತಿದ್ದ ಆ ಕಣ್ಣುಗಳ ಎದುರು ಸುಳ್ಳು ಹೊರಬರಲಿಲ್ಲ.

"ದನದ್ದು ಕಣಪ್ಪ," ಎಂದರು ಮೇಷ್ಟ್ರು.

ಕಿಲಾರಿಯಾದವನು ಕೆರ ಮೆಟ್ಟದಿರುವುದೇ ದನದ ಚರ್ಮಕ್ಕೆ ಕಾಲು ತಾಗಬಾರದೆಂದು. ಬೋರಯ್ಯ ಇಷ್ಟು ದಿನ ಅದನ್ನೇ ಒದ್ದಿದ್ದ, ನಗುನಗುತ್ತಾ ಒದ್ದಿದ್ದ. ಅವನು ಅಳಲಿಲ್ಲ, ಮೇಷ್ಟ್ರನ್ನು ದೂರಲೂ ಇಲ್ಲ. ಹೊದಿಕೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಅವರ ಪಕ್ಕದಲ್ಲಿಟ್ಟ.

"ನಿನಗೆ ಬಟ್ಟೇದು ಮಾಡಿಸ್ತೀನಿ ಕಣೋ, ಬಾ."

"ಅಲ್ಲಿ ಬಟ್ಟೇದ್ರಾಗೆ ಆಡ್ತಾರಾ ಬುದ್ಧಿ?"

ಮೇಷ್ಟ್ರು ಬಿಚ್ಚಿದ ದಾರವನ್ನು ಮಡಿಚಿ ಹೊದಿಕೆಯೊಳಗಿಟ್ಟರು. ಹುಡುಗ ಎತ್ತುಗಳನ್ನು ತಿರುವಿಕೊಂಡು ಹಟ್ಟಿಯ ಕಡೆ ಹೋದ.

ಬೆಳಗ್ಗೆ ಗಾಡಿ ಕಾವಲಿನ ಅಂಚಿನಲ್ಲಿ ಹೋಗುವಾಗ, ನೋಡಬಾರದು ಎಂದುಕೊಂಡೇ ಮೇಷ್ಟ್ರು ಅತ್ತ ನೋಡಿದರು. ದೂರದಲ್ಲಿ ಮಂದೆ ಮೇಯುತ್ತಿತ್ತು. ಅದರಾಚೆ ಬೋರಯ್ಯ, ಯಾರೂ ನೋಡುತ್ತಿಲ್ಲವೆಂದು ತಿಳಿದು, ಓಡಿಬಂದು ಕಾಲು ಬೀಸಿ ಒದ್ದ. ಕಾಲ ಮುಂದೆ ಏನೂ ಇರಲಿಲ್ಲ. ಒದ್ದವನು ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಾ ನಿಂತ. ಗಾಡಿಯಲ್ಲಿದ್ದ ಮೇಷ್ಟ್ರೂ ಕತ್ತೆತ್ತಿ, ಅದು ಎಲ್ಲಿ ಬೀಳುತ್ತದೆಂದು ನೋಡಿದರು.